ಕಾರಿನ ಹಿಂದಿನ ಸೀಟಿನಿಂದ ಹೊರಟ ಹಾಡುಗಳು: ‘ಟ್ವಿನ್ ಫ್ಯಾಂಟಸಿ’ಯ ಎರಡು ಪಾಠಗಳ ಬಗ್ಗೆ ಒಂದು ಟಿಪ್ಪಣಿ

2011ರ ನವೆಂಬರ್ 2ರಂದು ವಿಲ್ ಟೊಲೀಡೊ ‘ಟ್ವಿನ್ ಫ್ಯಾಂಟಸಿ’ ಎಂಬ ಹತ್ತು ಹಾಡುಗಳ ಆಲ್ಬಂ ಅನ್ನು ಬ್ಯಾಂಡ್‌ಕ್ಯಾಂಪ್‌ಗೆ ಏರಿಸಿದಾಗ ಅವರಿಗೆ ಹತ್ತೊಂಬತ್ತು ವರ್ಷ. ಅವರು ಹಾಡುಗಳನ್ನು ಹೊರತರುತ್ತಿದ್ದ ‘ಕಾರ್ ಸೀಟ್ ಹೆಡ್‌ರೆಸ್ಟ್’ ಎಂಬುದು ತಂಡದ ಹೆಸರಿನಂತೆ ಕೇಳಿಸಿದರೂ ಆಗ ಅದರಲ್ಲಿ ಇದ್ದವರು ಬಹುಮಟ್ಟಿಗೆ ಅವರೊಬ್ಬರೇ. ಲೇಬಲ್ ಇಲ್ಲ, ಸ್ಟುಡಿಯೊ ಇಲ್ಲ, ಹಾಡಿನ ಬಗ್ಗೆ ನಾಲ್ಕು ಮಾತು ಬರೆಯುವ ಪತ್ರಿಕೆಯೂ ಇಲ್ಲ. 2018ರ ಫೆಬ್ರುವರಿ 16ರಂದು ಅದೇ ಹತ್ತು ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಹಾಡಿ, ನುಡಿಸಿ, ಮ್ಯಾಟಡಾರ್ ರೆಕಾರ್ಡ್ಸ್ ಮೂಲಕ ಹೊರತಂದರು. ಈ ಎರಡು ದಿನಾಂಕಗಳ ನಡುವೆ ಆರು ವರ್ಷಕ್ಕೂ ಮೇಲಿನ ಕಾಲವಿದೆ. ಈ ಟಿಪ್ಪಣಿಯ ವಸ್ತು ಆ ಕಾಲ.

ಇಂಥ ಆಲ್ಬಂಗಳ ಕಥೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಒಂದೇ. ಪ್ರತಿಭಾವಂತನೊಬ್ಬ ಮೂಲೆಯಲ್ಲಿ ಕೂತು ಹಾಡು ಕಟ್ಟಿದ, ಯಾರೂ ಕಿವಿಗೊಡಲಿಲ್ಲ, ಕೊನೆಗೊಮ್ಮೆ ಹೆಸರಾಂತ ಲೇಬಲ್ ಬಂದು ಕೈಹಿಡಿಯಿತು ಎನ್ನುತ್ತಾರೆ. ಹೀಗೆ ಹೇಳಿದಾಗ ನಡುವಿನ ವರ್ಷಗಳು ಬರೀ ಕಾಯುವ ವರ್ಷಗಳಾಗಿಬಿಡುತ್ತವೆ. ‘ಟ್ವಿನ್ ಫ್ಯಾಂಟಸಿ’ಯ ಎರಡೂ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುತ್ತ ಬಂದ ಮೇಲೆ ನನಗೆ ಈ ಹೇಳಿಕೆ ಒಪ್ಪಿಗೆಯಾಗುವುದಿಲ್ಲ. ಆ ವರ್ಷಗಳಲ್ಲಿ ಒಂದು ಕೆಲಸ ನಡೆಯಿತು. ಕೇಳುಗರು ಒಬ್ಬೊಬ್ಬರಾಗಿ ಬಂದು ಆ ಆಲ್ಬಂನ ಮೊದಲ ರೂಪವನ್ನು, ಅದರ ಒರಟು ಸದ್ದಿನ ಸಮೇತ, ಕೃತಿಯ ಪಾಠವೆಂದು ಸ್ಥಿರಗೊಳಿಸಿದರು. ಆಮೇಲೆ ಅದನ್ನು ಬದಲಿಸುವ ಹಕ್ಕು ಸ್ವತಃ ಕರ್ತೃವಿಗೂ ಪೂರ್ತಿಯಾಗಿ ಉಳಿಯಲಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಟೊಲೀಡೊ ವರ್ಜೀನಿಯಾ ರಾಜ್ಯದ ಲೀಸ್‌ಬರ್ಗ್ ಊರಿನವರು. ಮನೆಯವರಿಗೆ ಕೇಳಿಸದಂತೆ ಗಂಟಲು ಬಿಟ್ಟು ಹಾಡಲು ಅವರು ಹುಡುಕಿಕೊಂಡ ಜಾಗ ಮನೆಯ ಕಾರಿನ ಹಿಂದಿನ ಸೀಟು. ಲ್ಯಾಪ್‌ಟಾಪ್ ಎದುರಿಟ್ಟುಕೊಂಡು ಹಾಡುವಾಗ ಕಣ್ಣಿಗೆ ಬೀಳುತ್ತಿದ್ದ ಮುಂದಿನ ಸೀಟಿನ ತಲೆದಿಂಬೇ ಹೆಸರಾಯಿತು. 2010ರಲ್ಲಿ ನಾಲ್ಕು ಆಲ್ಬಂಗಳು ಬಂದವು. ಅವುಗಳಿಗೆ 1, 2, 3, 4 ಎಂದಷ್ಟೇ ಹೆಸರು. ಬಳಿಕ ರಿಚ್ಮಂಡ್‌ನ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ, ಅಲ್ಲಿಂದ ವಿಲಿಯಮ್ಸ್‌ಬರ್ಗ್‌ನ ವಿಲಿಯಂ ಅಂಡ್ ಮೇರಿ ಕಾಲೇಜು. ಓದು ಒಂದು ಕಡೆ, ಹಾಡು ಒಂದು ಕಡೆ. ಮ್ಯಾಟಡಾರ್ ಜೊತೆ 2015ರಲ್ಲಿ ಒಪ್ಪಂದವಾಗುವ ಹೊತ್ತಿಗೆ ಅವರು ಸ್ವಂತವಾಗಿ ಬಿಡುಗಡೆ ಮಾಡಿದ ಆಲ್ಬಂಗಳು ಹತ್ತನ್ನು ದಾಟಿದ್ದವು. ಅವುಗಳಲ್ಲಿ ಕೇಳುಗರು ಮತ್ತೆ ಮತ್ತೆ ಮರಳಿದ್ದು ‘ಟ್ವಿನ್ ಫ್ಯಾಂಟಸಿ’ಗೆ.

ಯಾಕೆ ಅದಕ್ಕೇ ಎಂಬುದನ್ನು ಹಾಡುಗಳ ಒಳಗೆ ಹೋಗಿಯೇ ನೋಡಬೇಕು. ಆಲ್ಬಂನ ವಸ್ತು ಒಂದು ಪ್ರೇಮ. ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ಪ್ರೀತಿಸುತ್ತಾನೆ. ಹೆಚ್ಚು ಕಾಲ ದೂರದಿಂದ, ಮಾತು ಮತ್ತು ಕಲ್ಪನೆಗಳ ಮೂಲಕ. ಪ್ರೀತಿಸಿದ ವ್ಯಕ್ತಿ ಎಷ್ಟು ನಿಜ, ತಾನು ಕಟ್ಟಿಕೊಂಡದ್ದು ಎಷ್ಟು ಎಂಬ ಅಳುಕು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹರಿಯುತ್ತದೆ. ಎರಡನೆಯ ಹಾಡು ‘ಬೀಚ್ ಲೈಫ್-ಇನ್-ಡೆತ್’ ಸುಮಾರು ಹನ್ನೆರಡು ನಿಮಿಷದ್ದು. ಪೊಟೋಮ್ಯಾಕ್ ಮತ್ತು ಶೆನಂಡೋವಾ ನದಿಗಳು ಕೂಡುವ ಹಾರ್ಪರ್ಸ್ ಫೆರಿ ಎಂಬ ಪುಟ್ಟ ಊರಿಗೆ ರಾತ್ರಿ ಕಾರು ಓಡಿಸಿಕೊಂಡು ಹೋದ ಮಾತಿನಿಂದ ಅದು ಶುರುವಾಗುತ್ತದೆ. ಲೀಸ್‌ಬರ್ಗ್‌ನವರಿಗೆ ಅದು ದೂರದ ಊರೇನೂ ಅಲ್ಲ. ಗಿಟಾರು ಮೊದಲ ಕ್ಷಣದಿಂದಲೇ ಓಡುತ್ತದೆ. ನಡುವೆ ಎಲ್ಲವೂ ನಿಂತುಹೋಗಿ ಹಾಡು ಮುಗಿಯಿತೆನ್ನಿಸುವಾಗ ಮತ್ತೆ ಹೊಸ ಲಯದಲ್ಲಿ ಏಳುತ್ತದೆ. ಪಲ್ಲವಿ, ಚರಣ ಎಂಬ ಕಟ್ಟಿಗೆ ಅದು ಸಿಗುವುದಿಲ್ಲ. ಒಬ್ಬನು ಮನಸ್ಸಿನಲ್ಲಿದ್ದುದನ್ನು ಹೇಳಿ ಮುಗಿಸುವವರೆಗೆ ಹಾಡು ನಿಲ್ಲುವುದಿಲ್ಲ, ಅಷ್ಟೆ. ‘ಬಾಡೀಸ್’ ಎಂಬ ಹಾಡಿನಲ್ಲಿ ಗಾಯಕ ನಡುವೆಯೇ ಪಲ್ಲವಿ ಬಂತೇ, ಇನ್ನೂ ಇಲ್ಲವೇ ಎಂದು ವಿಚಾರಿಸುತ್ತಾನೆ. ಕಟ್ಟುತ್ತಿರುವ ಹಾಡನ್ನು ಕಟ್ಟುತ್ತಿರುವಾಗಲೇ ನೋಡಿಕೊಳ್ಳುವ ಈ ಗುಣ ಆಲ್ಬಂನುದ್ದಕ್ಕೂ ಇದೆ. ಕೊನೆಯ ಹಾಡಿನಲ್ಲಿ ಗಾಯಕ ಹಾಡುವುದನ್ನು ಬಿಟ್ಟು ಮಾತಿಗಿಳಿದು, ಇದು ಬರೀ ಒಂದು ಹಾಡು ಎಂದು ಕೇಳುಗನಿಗೆ ನೆನಪಿಸುತ್ತಾನೆ.

ಈಗ ಸದ್ದಿನ ವಿಷಯ. ಧ್ವನಿಯ ಅಲೆ ಡಿಜಿಟಲ್ ಮುದ್ರಣದ ಮಿತಿಯನ್ನು ಮೀರಿದಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ; ಕಿವಿಗೆ ಅದು ಗರಗರ ಒಡೆದ ಸದ್ದಾಗಿ ಕೇಳಿಸುತ್ತದೆ. 2011ರ ಪಾಠದಲ್ಲಿ ಗಾಯಕನ ದನಿ ಏರಿದಲ್ಲೆಲ್ಲ ಇದು ಆಗುತ್ತದೆ. ದನಿ, ಗಿಟಾರು, ಡ್ರಮ್ಸ್ ಮೂರೂ ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಯಾವುದೂ ಬಿಡಿಯಾಗಿ ಕೇಳಿಸುವುದಿಲ್ಲ. ಎಷ್ಟೋ ಕಡೆ ಶಬ್ದಗಳು ತಿಳಿಯಬೇಕಾದರೆ ಮೈಯೆಲ್ಲ ಕಿವಿಯಾಗಬೇಕು. ಇದು ಬಡತನದ ಗುರುತು ಎನ್ನುವುದು ನಿಜವೇ. ಆದರೆ ಹೇಳಬೇಕೆಂದಿರುವುದನ್ನು ಅರ್ಧ ಹೇಳಿ ಅರ್ಧ ಮುಚ್ಚಿಡುವ ಹತ್ತೊಂಬತ್ತರ ಹುಡುಗನ ಮಾತಿಗೆ ಈ ಸದ್ದು ಎಷ್ಟು ಒಪ್ಪುತ್ತದೆಂದರೆ, ಅದನ್ನು ಕೇವಲ ಮುದ್ರಣದೋಷವೆಂದು ತೆಗೆದುಹಾಕಲು ನನಗೆ ಮನಸ್ಸು ಬರುವುದಿಲ್ಲ. ಕೇಳುಗನಿಗೆ ಅಲ್ಲಿ ಕೆಲಸವಿದೆ. ಹತ್ತಾರು ಸಲ ಕೇಳಿ ಒಂದು ಸಾಲನ್ನು ಬಿಡಿಸಿಕೊಂಡವನಿಗೆ ಆ ಸಾಲು ತನ್ನದೆನ್ನಿಸುತ್ತದೆ. ನಿಧಾನವಾಗಿ ಬೆಳೆದ ಅಭಿಮಾನದ ಒಂದು ಬೇರು ಇಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಇನ್ನೊಂದು ಬೇರು ಹಾಡಿನ ಹೊರಗಿದೆ. ಅದು ಲಭ್ಯತೆ. ಇದರ ತೂಕ ಗೊತ್ತಾಗಬೇಕಾದರೆ ಹಿಂದಿನವರ ಪಾಡನ್ನು ನೆನೆಯಬೇಕು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡುತ್ತ, ಸಿಕ್ಕಸಿಕ್ಕವರಿಗೆ ತನ್ನ ಕ್ಯಾಸೆಟ್ಟುಗಳನ್ನು ಕೊಡುತ್ತಿದ್ದ ಡೇನಿಯಲ್ ಜಾನ್‌ಸ್ಟನ್ ಬಳಿ ಶುರುವಿನಲ್ಲಿ ಕ್ಯಾಸೆಟ್ ನಕಲು ಮಾಡುವ ಸಾಧನವಿರಲಿಲ್ಲ. ಯಾರಾದರೂ ಪ್ರತಿ ಕೇಳಿದರೆ ಆತ ಕೂತು ಇಡೀ ಆಲ್ಬಂ ಅನ್ನು ಮತ್ತೊಮ್ಮೆ ಹಾಡಿ ತುಂಬಿಕೊಡುತ್ತಿದ್ದ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬೇರೆ ಪಾಠ! ಒಹಾಯೊದ ಡೇಟನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದ ರಾಬರ್ಟ್ ಪೊಲಾರ್ಡ್ ಅವರ ‘ಗೈಡೆಡ್ ಬೈ ವಾಯ್ಸಸ್’ ತಂಡ 1992ರಲ್ಲಿ ‘ಪ್ರೊಪೆಲರ್’ ಅನ್ನು ತಾನೇ ಅಚ್ಚು ಹಾಕಿಸಿದಾಗ ತೆಗೆದದ್ದು 500 ಪ್ರತಿ. ಹೊದಿಕೆಗಳನ್ನು ಕೈಯಲ್ಲೇ ಮಾಡಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಆ ಪ್ರತಿಗಳು ಇಂದು ಸಂಗ್ರಾಹಕರ ಕಪಾಟಿನಲ್ಲಿವೆ. ಸ್ವಂತ ಬಿಡುಗಡೆಯ ಆಲ್ಬಂ ಹೆಸರು ಮಾಡುವಷ್ಟರಲ್ಲಿ ಪ್ರತಿಗಳು ತೀರಿಹೋಗಿರುವುದು ಆ ಕಾಲದ ಸಾಮಾನ್ಯ ಅನುಭವ. ಕೇಳಬೇಕೆಂದು ಬಂದವನಿಗೆ ಹೆಸರು ಸಿಗುತ್ತಿತ್ತು, ಹಾಡು ಸಿಗುತ್ತಿರಲಿಲ್ಲ. ಯಾರಾದರೂ ಮರುಮುದ್ರಣಕ್ಕೆ ಮುಂದೆ ಬರುವವರೆಗೆ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತಿತ್ತು.

2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಈ ತಡೆಯನ್ನು ತೆಗೆಯಿತು. ಕಲಾವಿದ ತನ್ನ ಮುದ್ರಣವನ್ನು ಗುಣಮಟ್ಟ ಕಡಿಮೆಯಾಗದ ರೂಪದಲ್ಲೇ ಏರಿಸುತ್ತಾನೆ, ಬೆಲೆಯನ್ನು ತಾನೇ ನಿರ್ಧರಿಸುತ್ತಾನೆ. ಬೇಕಿದ್ದರೆ ಕೇಳುಗನ ಇಷ್ಟಕ್ಕೇ ಬಿಡಬಹುದು, ಸೊನ್ನೆಯನ್ನೂ ಇಡಬಹುದು. ಡಿಜಿಟಲ್ ಮಾರಾಟದಲ್ಲಿ ಸಂಸ್ಥೆ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಶೇಕಡ 15. ಹಣದ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಇಲ್ಲಿ ದಾಸ್ತಾನು ತೀರುವುದಿಲ್ಲ, ಮಾರಾಟವಾಗಲಿಲ್ಲವೆಂದು ಅಂಗಡಿಯವನು ತೆಗೆದು ಹಿಂದಕ್ಕೆ ಕಳಿಸುವುದೂ ಇಲ್ಲ. 2011ರಲ್ಲಿ ಏರಿಸಿದ ಆಲ್ಬಂ 2014ರಲ್ಲಿ ಹುಡುಕಿಕೊಂಡು ಬಂದವನಿಗೂ ಅದೇ ಜಾಗದಲ್ಲಿ, ಅದೇ ಹೊದಿಕೆಯಲ್ಲಿ ಸಿಕ್ಕಿತು. ನಿಧಾನವಾಗಿ ಹೆಸರು ಮಾಡುವ ಕೃತಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಟೊಲೀಡೊ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು. 2012ರಲ್ಲಿ ‘ಮೊನೊಮೇನಿಯಾ’, 2013ರಲ್ಲಿ ಎರಡು ಗಂಟೆಗೂ ಮೀರಿದ ‘ನರ್ವಸ್ ಯಂಗ್ ಮ್ಯಾನ್’, 2014ರಲ್ಲಿ ‘ಹೌ ಟು ಲೀವ್ ಟೌನ್’ ಬಂದವು. ಹೊಸದನ್ನು ಕೇಳಲು ಬಂದವರು ಪಟ್ಟಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದರು, ಹಿಂದಕ್ಕೆ ಹೋದವರು ‘ಟ್ವಿನ್ ಫ್ಯಾಂಟಸಿ’ಯಲ್ಲಿ ನಿಲ್ಲುತ್ತಿದ್ದರು. ಮ್ಯಾಟಡಾರ್ ಮೂಲಕ 2015ರ ಅಕ್ಟೋಬರ್ 30ರಂದು ಬಂದ ‘ಟೀನ್ಸ್ ಆಫ್ ಸ್ಟೈಲ್’ ಹಳೆಯ ಹಾಡುಗಳ ಮರುಮುದ್ರಣ. ಅದರಲ್ಲಿ ‘ಟ್ವಿನ್ ಫ್ಯಾಂಟಸಿ’ಯ ಒಂದು ಹಾಡೂ ಇಲ್ಲ. ಉಳಿದ ಆಲ್ಬಂಗಳಿಂದ ಹಾಡುಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡವರು ಇದನ್ನು ಮಾತ್ರ ಮುಟ್ಟಲಿಲ್ಲ. ಅದು ಇಡಿಯಾಗಿಯೇ ಇರಬೇಕಾದ ಕೃತಿ ಎಂಬ ಎಚ್ಚರ ಈ ಆಯ್ಕೆಯ ಹಿಂದೆ ಇದೆ ಎಂದು ನನ್ನ ಊಹೆ.

2016ರ ಮೇ 20ರ ‘ಟೀನ್ಸ್ ಆಫ್ ಡಿನಯಲ್’ ಅವರಿಗೆ ದೊಡ್ಡ ಕೇಳುಗವರ್ಗವನ್ನು ತಂದಿತು. ಆ ಬಿಡುಗಡೆಯ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಸಲ್ಲುತ್ತದೆ. ‘ದ ಕಾರ್ಸ್’ ತಂಡದ ಹಾಡೊಂದರ ಅಂಶವನ್ನು ಬಳಸಿಕೊಂಡಿದ್ದ ಒಂದು ಹಾಡಿಗೆ ಕೊನೆಯ ಘಳಿಗೆಯಲ್ಲಿ ಅನುಮತಿ ಸಿಗದೆ, ಅಚ್ಚಾಗಿ ಕೂತಿದ್ದ ಪ್ರತಿಗಳನ್ನು ನಾಶಮಾಡಬೇಕಾಯಿತು. ಟೊಲೀಡೊ ಅವಸರದಲ್ಲಿ ಬೇರೆ ರೂಪವೊಂದನ್ನು ಸಿದ್ಧಪಡಿಸಿ ಅದರ ಜಾಗಕ್ಕೆ ಸೇರಿಸಿದರು. ಸ್ವಂತ ಬಿಡುಗಡೆಯಲ್ಲಿ ಪಾಠದ ಮೇಲೆ ಇರುವುದು ಒಬ್ಬರ ಕೈ. ವೃತ್ತಿಯ ಬಿಡುಗಡೆಯಲ್ಲಿ ಹಕ್ಕುದಾರರು, ವಕೀಲರು, ಮುದ್ರಣಾಲಯ, ದಿನಾಂಕ ಎಲ್ಲವೂ ಪಾಠವನ್ನು ತಿದ್ದುತ್ತವೆ. ಎರಡನ್ನೂ ಕಂಡ ಮೇಲೆ ಅವರು ‘ಟ್ವಿನ್ ಫ್ಯಾಂಟಸಿ’ಗೆ ಮರಳಿದರು.

ಇನ್ನು ಪಾಠಾಂತರಗಳು. ಗಿಟಾರ್‌ನಲ್ಲಿ ಈತನ್ ಐವ್ಸ್, ಬೇಸ್‌ನಲ್ಲಿ ಸೆತ್ ಡಾಲ್ಬಿ, ಡ್ರಮ್ಸ್‌ನಲ್ಲಿ ಆ್ಯಂಡ್ರ್ಯೂ ಕಾಟ್ಜ್ ಇದ್ದ ತಂಡದೊಂದಿಗೆ ಮಾಡಿದ 2018ರ ಪಾಠ 71 ನಿಮಿಷದ್ದು. ಮೊದಲನೆಯದು ಒಂದು ಗಂಟೆಯ ಆಸುಪಾಸು. ಹೆಚ್ಚಿನ ಬೆಳವಣಿಗೆ ಒಂದೇ ಹಾಡಿನಲ್ಲಿ ಆಗಿದೆ. ಹತ್ತು ನಿಮಿಷದಷ್ಟಿದ್ದ ‘ಫೇಮಸ್ ಪ್ರಾಫೆಟ್ಸ್’ ಹದಿನಾರಕ್ಕೆ ಹಿಗ್ಗಿದೆ, ಅದರ ಉಪಶೀರ್ಷಿಕೆಯೂ ‘ಮೈಂಡ್ಸ್’ ಹೋಗಿ ‘ಸ್ಟಾರ್ಸ್’ ಆಗಿದೆ. ‘ನರ್ವಸ್ ಯಂಗ್ ಇನ್‌ಹ್ಯೂಮನ್ಸ್’ ಹಾಡಿನ ಕೊನೆಯಲ್ಲಿದ್ದ ಮಾತಿನ ಭಾಗವನ್ನು ತೆಗೆದು ಬೇರೆ ಮಾತನ್ನು ಇಟ್ಟಿದ್ದಾರೆ. ಇವೆಲ್ಲ ಕಣ್ಣಿಗೆ ಹೊಡೆಯುವ ಬದಲಾವಣೆಗಳು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ‘ಕ್ಯೂಟ್ ಥಿಂಗ್’ನ ಚಿಕ್ಕ ಬದಲಾವಣೆ. ಗಾಯಕ ಅಲ್ಲಿ ದೇವರೆದುರು ಬೇಡಿಕೆ ಇಡುತ್ತಾನೆ. 2011ರಲ್ಲಿ ಅವನು ಬೇಡುವುದು ‘ಡಿಸ್ಟ್ರಾಯರ್’ನ ಡ್ಯಾನ್ ಬೇಹಾರ್ ಅವರ ಕಂಠವನ್ನು, ‘ದ ಹೂ’ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಅವರ ವೇದಿಕೆಯ ಛಾಪನ್ನು. ಎಂಟ್ವಿಸಲ್ ವೇದಿಕೆಯ ಮೇಲೆ ಕದಲದೆ ನಿಂತು ನುಡಿಸುವುದಕ್ಕೇ ಹೆಸರಾದವರು. 2018ರಲ್ಲಿ ಆ ಜಾಗಕ್ಕೆ ಫ್ರ್ಯಾಂಕ್ ಓಷನ್ ಮತ್ತು ಜೇಮ್ಸ್ ಬ್ರೌನ್ ಬಂದಿದ್ದಾರೆ. ಜೇಮ್ಸ್ ಬ್ರೌನ್ ಎಂದರೆ ಬೆವರು ಹರಿಸಿ, ಮಂಡಿಯೂರಿ, ಇಡೀ ಸಭೆಯನ್ನು ಕುಣಿಸುತ್ತಿದ್ದ ಮನುಷ್ಯ. ಕಾರಿನ ಹಿಂದಿನ ಸೀಟಿನಲ್ಲಿ ಹಾಡುವ ಹುಡುಗನಿಗೆ ವೇದಿಕೆಯ ಮೇಲೆ ಅಲುಗಾಡದೆ ನಿಂತವರು ಆದರ್ಶ. ಜನ ತುಂಬಿದ ಸಭೆಯೆದುರು ನಿಲ್ಲತೊಡಗಿದ ಇಪ್ಪತ್ತೈದರ ಗಾಯಕನಿಗೆ ಬೇಕಾದ ವರ ಬೇರೆ. ಎರಡು ಹೆಸರುಗಳ ಬದಲಾವಣೆಯಲ್ಲಿ ಆರು ವರ್ಷದ ಜೀವನ ಬಂದು ಕೂತಿದೆ. ಮೊದಲ ಪಾಠ ಕಳೆದುಹೋಗಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿ ಪಳಗಿದವರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಹೋಲಿಸುವಾಗ ನಾವು ಲಿಪಿಕಾರನ ಕೈತಪ್ಪುಗಳನ್ನು ಸರಿಸಿ ಕವಿಯ ಪಾಠಕ್ಕೆ ಹತ್ತಿರವಾಗಲು ಹೆಣಗುತ್ತೇವೆ. ಇಲ್ಲಿ ಲಿಪಿಕಾರನೂ ಕವಿಯೂ ಒಬ್ಬರೇ. ದೋಷವೆಂದು ಕಾಣುವುದೂ ಕರ್ತೃವಿನದೇ ಕೈಯದು. ಕರ್ತೃ ಬದುಕಿದ್ದು ತಾನೇ ಪರಿಷ್ಕರಿಸಿದರೆ ಕಡೆಯ ಪರಿಷ್ಕರಣೆಗೆ ಮಾನ್ಯತೆ ಕೊಡುವುದು ಸಂಪಾದಕರ ವಾಡಿಕೆ. 2011ರ ಆಲ್ಬಂ ಪೂರ್ಣಗೊಂಡ ಕೃತಿಯಲ್ಲ ಎಂಬುದು ಟೊಲೀಡೊ ಅವರ ಸ್ಪಷ್ಟ ನಿಲುವು. ಆ ಲೆಕ್ಕದಲ್ಲಿ 2018ರದ್ದೇ ಪ್ರಮಾಣ. ಅದು ಸಾಮಾನ್ಯ ಪರಿಷ್ಕರಣೆಯೂ ಅಲ್ಲ. ಡ್ರಮ್ಸ್ ಉಸಿರಾಡುತ್ತದೆ, ಗಿಟಾರುಗಳು ಬಿಡಿಬಿಡಿಯಾಗಿ ಕೇಳುತ್ತವೆ, ಮಾತು ಮೊದಲ ಸಲಕ್ಕೇ ತಲುಪುತ್ತದೆ. ‘ಬೀಚ್ ಲೈಫ್-ಇನ್-ಡೆತ್’ ಹದಿಮೂರು ನಿಮಿಷ ದಾಟಿದರೂ ಎಲ್ಲೂ ಸಡಿಲವಾಗುವುದಿಲ್ಲ. ಆಲ್ಬಂ ಅನ್ನು ಮೊದಲ ಬಾರಿಗೆ ಕೇಳುವವರಿಗೆ ನಾನು ಸೂಚಿಸುವುದೂ ಇದನ್ನೇ.

ಆದರೂ ಹಳೆಯ ಕೇಳುಗರು ಮೊದಲನೆಯದನ್ನು ಬಿಟ್ಟುಕೊಡಲಿಲ್ಲ, ಹೊಸಬರಲ್ಲಿಯೂ ಅನೇಕರು ಅದನ್ನು ಹುಡುಕಿಕೊಂಡು ಹೋದರು. ಟೊಲೀಡೊ ಕೂಡ ಅದನ್ನು ಅಳಿಸಲಿಲ್ಲ. ಎರಡಕ್ಕೂ ಹೆಸರಿಟ್ಟರು: ಹಳೆಯದು ‘ಮಿರರ್ ಟು ಮಿರರ್’, ಹೊಸದು ‘ಫೇಸ್ ಟು ಫೇಸ್’. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಜೋಡಿ ಪರಿಚಿತ. ಈಗ ಕನ್ನಡಿಯಲ್ಲಿ ಮಸಕಾಗಿ ಕಾಣುವುದು ಮುಂದೆ ಮುಖಾಮುಖಿಯಾಗಿ ಕಾಣುವುದೆಂಬ ಭರವಸೆ ಅಲ್ಲಿದೆ. ಅದರಂತೆ ನೋಡಿದರೆ ಹೊಸ ಪಾಠಕ್ಕೆ ಮೇಲಿನ ಸ್ಥಾನ. ಆದರೆ ಆಲ್ಬಂನ ಹೆಸರೇ ಅವಳಿಯದು. ಅವಳಿಗಳಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯುವಂತಿಲ್ಲ. ಮ್ಯಾಟಡಾರ್ ಇಂದು ಎರಡನ್ನೂ ಜೊತೆಯಾಗಿ ಲಭ್ಯವಾಗಿಟ್ಟಿದೆ. ಕರ್ತೃವಿನ ಕಡೆಯ ಇಚ್ಛೆ ಒಂದು ಕಡೆ, ಆರು ವರ್ಷ ಕೇಳಿದವರ ಒಡೆತನ ಇನ್ನೊಂದು ಕಡೆ. ಈ ಎರಡರ ನಡುವಿನ ಒಪ್ಪಂದದಂತಿವೆ ಆ ಉಪಶೀರ್ಷಿಕೆಗಳು.

ಇದು ಒಂಟಿ ಉದಾಹರಣೆಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ‘ಪಂಚಿಕೊ’ ಎಂಬ ಹದಿಹರೆಯದ ಹುಡುಗರ ತಂಡ 2000ದಲ್ಲಿ ‘ಡೆತ್‌ಮೆಟಲ್’ ಎಂಬ ಡೆಮೊ ಸಿಡಿ ಮಾಡಿ ಮೂವತ್ತರಷ್ಟು ಪ್ರತಿ ತೆಗೆದು ಮರೆತಿತ್ತು. ಹೆಸರು ಹಾಗಿದ್ದರೂ ಸಂಗೀತ ಮೃದುವಾದ ಇಂಡೀ ರಾಕ್. 2016ರಲ್ಲಿ ಅದೇ ನಗರದ ಶೆರ್ವುಡ್‌ನ ಆಕ್ಸ್‌ಫ್ಯಾಮ್ ಅಂಗಡಿಯಲ್ಲಿ, ಹಳೆಯ ಸಾಮಾನುಗಳ ನಡುವೆ, ಒಂದು ಪ್ರತಿ ಯಾರದೋ ಕೈಗೆ ಸಿಕ್ಕಿತು. ಸಿಡಿಯೊಳಗಿನ ಲೋಹದ ಪದರ ಕೊಳೆತು ಹಾಡುಗಳ ಮೇಲೆಲ್ಲ ಕರ್ಕಶ ಸದ್ದು ಹರಡಿತ್ತು. ಆ ಹಾಳಾದ ಪಾಠವೇ ಜಗತ್ತಿನಾದ್ಯಂತ ಹಬ್ಬಿತು. 2020ರಲ್ಲಿ ತಂಡದವರ ಪತ್ತೆಯಾಗಿ ಅಚ್ಚುಕಟ್ಟಾದ ಮುದ್ರಣ ಹೊರಬಂದಾಗ ಕೊಳೆತ ಪಾಠವನ್ನೂ ಜೊತೆಗೆ ಸೇರಿಸಬೇಕಾಯಿತು, ಯಾಕೆಂದರೆ ಜನ ಮನಸ್ಸಿಗೆ ಹಚ್ಚಿಕೊಂಡದ್ದು ಅದನ್ನು. ಅಲ್ಲಿ ದೋಷ ಕಾಲದ್ದು, ಟೊಲೀಡೊ ಅವರಲ್ಲಿ ಉಪಕರಣದ್ದು. ಫಲ ಒಂದೇ ಆಯಿತು. ಜಾಹೀರಾತು ಕೇಳುಗರನ್ನು ಒಟ್ಟಿಗೆ ಕರೆತಂದರೆ ಅವರು ಹೊಸ, ಶುದ್ಧ ಮುದ್ರಣವನ್ನು ಸಲೀಸಾಗಿ ಒಪ್ಪುತ್ತಾರೆ. ಒಬ್ಬೊಬ್ಬರಾಗಿ, ತಾವೇ ಹುಡುಕಿ ಬಂದವರು ತಮಗೆ ಸಿಕ್ಕ ಪ್ರತಿಯನ್ನೇ ಮೂಲವೆಂದು ಹಿಡಿಯುತ್ತಾರೆ.

ಈ ಕಾರಣಕ್ಕೆ ಒಂದು ಆತಂಕವನ್ನು ಇಲ್ಲಿ ದಾಖಲಿಸಬೇಕು. ‘ಟ್ವಿನ್ ಫ್ಯಾಂಟಸಿ’ಗೆ ಆರು ವರ್ಷ ನೆಲೆ ಕೊಟ್ಟ ಬ್ಯಾಂಡ್‌ಕ್ಯಾಂಪ್ 2022ರಲ್ಲಿ ಎಪಿಕ್ ಗೇಮ್ಸ್‌ಗೆ ಮಾರಾಟವಾಯಿತು, 2023ರಲ್ಲಿ ಸಾಂಗ್‌ಟ್ರೇಡರ್ ಕೈಗೆ ಹೋಯಿತು, ಆ ಎರಡನೆಯ ಕೈಬದಲಾವಣೆಯ ಬೆನ್ನಿಗೇ ಅಲ್ಲಿನ ನೌಕರರಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಟೊಲೀಡೊ ಅವರ ಹಾಡುಗಳಿಗೆ ಈಗ ಮ್ಯಾಟಡಾರ್‌ನ ರಕ್ಷಣೆಯಿದೆ. ಅದೇ ತಾಣದಲ್ಲಿ 2011ರಿಂದ, 2015ರಿಂದ ಇನ್ನೂ ತಮ್ಮ ಕೇಳುಗರಿಗಾಗಿ ಕಾದಿರುವ ಸಾವಿರಾರು ಆಲ್ಬಂಗಳಿಗೆ ಯಾರ ರಕ್ಷಣೆಯೂ ಇಲ್ಲ. ಅವುಗಳ ಪಾಠವನ್ನು ಕಲಾವಿದನೇ ಒಂದು ದಿನ ಸದ್ದಿಲ್ಲದೆ ಬದಲಿಸಬಹುದು, ಹಳೆಯದು ಯಾವುದಿತ್ತೆಂಬ ಗುರುತೂ ಉಳಿಯಲಿಕ್ಕಿಲ್ಲ. ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ತಾವು ಪರಿಶೀಲಿಸಿದ ಆಲ್ಬಂನ ಗುಣಮಟ್ಟ ಕುಂದದ ಪ್ರತಿಯೊಂದನ್ನು ಇಳಿಸಿಕೊಂಡ ದಿನಾಂಕ, ಹೊದಿಕೆಯ ಚಿತ್ರ, ಜೊತೆಗೆ ಕೊಟ್ಟ ಹಾಡಿನ ಸಾಹಿತ್ಯ ಇವುಗಳೊಡನೆ ತೆಗೆದಿಡಬೇಕು. ವಿಶ್ವವಿದ್ಯಾಲಯಗಳ ಧ್ವನಿ ಸಂಗ್ರಹಗಳು ಅಂಥ ಪ್ರತಿಗಳನ್ನು ಹಸ್ತಪ್ರತಿಗಳಿಗೆ ಸಮನಾಗಿ ಸ್ವೀಕರಿಸಿ ಪಟ್ಟಿ ಮಾಡಬೇಕು. ‘ಕ್ಯೂಟ್ ಥಿಂಗ್’ನ ಎಂಟ್ವಿಸಲ್ ಮತ್ತು ಜೇಮ್ಸ್ ಬ್ರೌನ್ ಇಬ್ಬರನ್ನೂ ನಾವಿಂದು ಅಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಗಿರುವುದು ಎರಡೂ ಪ್ರತಿಗಳು ಉಳಿದದ್ದರಿಂದ.